ಡ್ರಿಬಲ್ ನಿಲ್ಲಿಸಿದ ಮೇಲೆ ಬೋರ್ಡಿಗೆ ಎಸೆದು ತಾನೇ ಹಿಡಿದರೆ ಡಬಲ್ ಡ್ರಿಬಲ್ಲಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಆಡುವುದು ಬಿಟ್ಟ ಮೇಲೆ ನಮ್ಮ ಏರಿಯಾದ ಬ್ಯಾಸ್ಕೆಟ್‌ಬಾಲ್ ಪಂದ್ಯಗಳಿಗೆ ರೆಫರಿಯಾಗಿ ನಿಲ್ಲುತ್ತಿದ್ದೇನೆ. ಕಳೆದ ಭಾನುವಾರ ಊದಿದ ಒಂದು ವಿಸಿಲ್ ಇನ್ನೂ ತಲೆಯಲ್ಲೇ ಓಡುತ್ತಿದೆ. ದಯವಿಟ್ಟು ಗೊತ್ತಿದ್ದವರು ಹೇಳಿ.

ಕೊನೆಯ ಕ್ವಾರ್ಟರ್. ಒಬ್ಬ ಹುಡುಗ ಡ್ರಿಬಲ್ ಮಾಡುತ್ತಾ, ಅಂದರೆ ಚೆಂಡು ಪುಟಿಸುತ್ತಾ, ಒಳಗೆ ಬಂದ. ಇಬ್ಬರು ಅಡ್ಡ ಬಂದರು. ಎರಡೂ ಕೈಯಲ್ಲಿ ಚೆಂಡು ಹಿಡಿದು ನಿಂತುಬಿಟ್ಟ. ಪಾಸ್ ಕೊಡಲು ಯಾರೂ ಇಲ್ಲ. ಸಟ್ಟನೆ ಚೆಂಡನ್ನು ರಿಂಗಿನ ಹಿಂದಿರುವ ಬೋರ್ಡಿಗೆ ಎಸೆದ, ಅವರಿಬ್ಬರ ನಡುವೆ ನುಗ್ಗಿ ತಾನೇ ಹಿಡಿದು ಬ್ಯಾಸ್ಕೆಟ್ ಹಾಕಿದ. ನಾನು ಡಬಲ್ ಡ್ರಿಬಲ್ (ಡ್ರಿಬಲ್ ಮುಗಿಸಿ ಮತ್ತೆ ಡ್ರಿಬಲ್ ಮಾಡಿದ ತಪ್ಪು) ಅಂತ ಊದಿದೆ, ಬ್ಯಾಸ್ಕೆಟ್ ಕೊಡಲಿಲ್ಲ. ಅವರ ತಂಡ ಒಂದು ಪಾಯಿಂಟ್‌ನಲ್ಲಿ ಸೋತಿತು.

ಅದೇ ಪಂದ್ಯದಲ್ಲಿ ಇನ್ನೊಂದು. ಒಬ್ಬನ ಶಾಟ್ ರಿಂಗಿಗೂ ತಾಗಲಿಲ್ಲ, ಬೋರ್ಡಿಗೂ ತಾಗಲಿಲ್ಲ. ಅವನೇ ಓಡಿಹೋಗಿ ಹಿಡಿದು ಮತ್ತೆ ಡ್ರಿಬಲ್ ಮಾಡಿದ. ನಾನು ಬಿಟ್ಟೆ. ಎದುರು ತಂಡದವರು ಟ್ರಾವೆಲಿಂಗ್ ಟ್ರಾವೆಲಿಂಗ್ (ಚೆಂಡು ಹಿಡಿದು ನಿಯಮ ಮೀರಿ ಕಾಲು ಸರಿಸಿದ ತಪ್ಪು) ಅಂತ ಒಂದೇ ಸಮನೆ ಕೂಗಿದರು. ಇವೆರಡರಲ್ಲಿ ನಾನು ಮಾಡಿದ್ದು ಯಾವುದು ಸರಿ?

ಉತ್ತರ 1

ಎರಡನೆಯದು ಸರಿ, ಮೊದಲನೆಯದು ತಪ್ಪು. ಹೀಗೆ ನೇರವಾಗಿ ಹೇಳ್ತಿದ್ದೀನಿ ಅಂತ ಬೇಸರ ಮಾಡ್ಕೋಬೇಡಿ. ಈ ಬೋರ್ಡ್ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ.

ಫಿಬಾ, ಅಂದರೆ ಅಂತಾರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯ ನಿಯಮದಲ್ಲಿ ಬೋರ್ಡಿಗೆ ಎಸೆಯುವುದು ಡ್ರಿಬಲ್ ಅಲ್ಲ. ಚೆಂಡನ್ನು ಕೋರ್ಟಿನ ನೆಲಕ್ಕೆ ಬಡಿದು, ಉರುಳಿಸಿ, ಎಸೆದು ಅಥವಾ ತಟ್ಟಿ, ಬೇರೆ ಆಟಗಾರನಿಗೆ ತಾಗುವ ಮೊದಲು ತಾನೇ ಮತ್ತೆ ಮುಟ್ಟಿದರೆ ಅದು ಡ್ರಿಬಲ್. ಬೋರ್ಡ್ ನೆಲ ಅಲ್ವಲ್ಲ. ಹಾಗಾಗಿ ಡ್ರಿಬಲ್ ಮುಗಿಸಿದ ಹುಡುಗ ಬೋರ್ಡಿಗೆ ಎಸೆದು ತಾನೇ ಹಿಡಿಯಬಹುದು. ಹಿಡಿದ ಮೇಲೆ ಶಾಟ್ ಹಾಕಬಹುದು, ಪಾಸ್ ಕೊಡಬಹುದು. ಮತ್ತೆ ಡ್ರಿಬಲ್ ಮಾತ್ರ ಮಾಡುವಂತಿಲ್ಲ. ನಿಮ್ಮ ಹುಡುಗ ಡ್ರಿಬಲ್ ಮಾಡಿಲ್ಲ, ನೇರ ಬ್ಯಾಸ್ಕೆಟ್ ಹಾಕಿದ್ದಾನೆ. ಆ ಎರಡು ಪಾಯಿಂಟ್ ಅವನದೇ.

ಅವನು ಇನ್ನೂ ಡ್ರಿಬಲ್ಲೇ ಮಾಡದೆ ಬೋರ್ಡಿಗೆ ಎಸೆದಿದ್ದರೆ, ಹಿಡಿದ ಮೇಲೆ ಡ್ರಿಬಲ್ ಕೂಡ ಶುರು ಮಾಡಬಹುದಿತ್ತು.

ಇನ್ನು ಏರ್‌ಬಾಲ್, ಅಂದರೆ ಯಾವುದಕ್ಕೂ ತಾಗದ ಆ ಶಾಟಿನ ವಿಷಯ. ಅದು ನಿಜವಾದ ಶಾಟ್ ಅಂತ ನಿಮಗೆ ಅನ್ನಿಸಿತಾ? ಹಾಗಿದ್ದರೆ ಶಾಟ್ ಕೈಬಿಟ್ಟ ಕ್ಷಣಕ್ಕೆ ಅವನ ಹಿಡಿತ ಮುಗಿಯಿತು. ಶಾಟ್ ಆದ ಮೇಲೆ ಸಿಕ್ಕಿದ ಚೆಂಡಿನಲ್ಲಿ ಹೊಸ ಡ್ರಿಬಲ್ ಮಾಡಬಹುದು. ಸುಮ್ನೆ ಮೇಲೆ ಎಸೆದು ಓಡಿ ಹಿಡಿದದ್ದು ಅಂತ ಅನ್ನಿಸಿದರೆ ಮಾತ್ರ ವಿಸಿಲ್.

ಉತ್ತರ 2

ಮೇಲಿನ ಸರ್ ಹೇಳಿದ್ದನ್ನು ಒಪ್ಪಲು ನನಗೆ ಕಷ್ಟವಾಗ್ತಿದೆ. ನಾನು ಟಿವಿಯಲ್ಲಿ ನೋಡಿದ ಹಾಗೆ ಏರ್‌ಬಾಲನ್ನು ಶಾಟ್ ಹಾಕಿದವನೇ ಮೊದಲು ಮುಟ್ಟುವಂತಿಲ್ಲ.

ಉತ್ತರ 1

ನೀವು ನೋಡಿದ್ದು ಅಮೆರಿಕದ ಎನ್‌ಬಿಎ ಲೀಗಿನ ಪಂದ್ಯ. ಅಲ್ಲಿ ನಿಯಮ ಹಾಗೇ ಇದೆ. ರಿಂಗ್, ಬೋರ್ಡ್, ಇನ್ನೊಬ್ಬ ಆಟಗಾರ, ಯಾವುದಕ್ಕೂ ತಾಗದ ಶಾಟನ್ನು ಹಾಕಿದವನೇ ಮೊದಲು ಮುಟ್ಟಿದರೆ ತಪ್ಪು. ಆದರೆ ನಮ್ಮ ದೇಶದ ಪಂದ್ಯಗಳು ನಡೆಯುವುದು ಫಿಬಾ ಪುಸ್ತಕದ ಪ್ರಕಾರ. ಟಿವಿಯಲ್ಲಿ ಕಲಿತ ನಿಯಮ ಕೋರ್ಟಿನಲ್ಲಿ ಊದಿದರೆ ಹುಡುಗರಿಗೆ ಅನ್ಯಾಯ ಆಗುತ್ತೆ. ಇದು ನನಗೆ ನಿಜಕ್ಕೂ ನೋವು ಕೊಡುವ ವಿಷಯ. ವರ್ಷಗಟ್ಟಲೆ ಬೆಳಗ್ಗೆ ಐದಕ್ಕೆ ಎದ್ದು ಪ್ರಾಕ್ಟೀಸ್ ಮಾಡಿದವನ ಒಳ್ಳೆಯ ಆಟವನ್ನು ನಾವು ಒಂದು ಉಸಿರಿನಲ್ಲಿ ಅಳಿಸಿಬಿಡಬಹುದು.

ಪ್ರಶ್ನೆ ಕೇಳಿದವರಿಗೆ ಒಂದು ಮಾತು ಸೇರಿಸುತ್ತೇನೆ. ಏರ್‌ಬಾಲ್ ಆದಾಗ ಶಾಟ್ ಕ್ಲಾಕ್ (ತಂಡಕ್ಕೆ ಶಾಟ್ ಹಾಕಲು ಉಳಿದ ಸಮಯ ತೋರಿಸುವ ಗಡಿಯಾರ) ಏನಾಯ್ತು ನೋಡಿದ್ರಾ? ಚೆಂಡು ರಿಂಗಿಗೆ ತಾಗಿ ಅದೇ ತಂಡಕ್ಕೆ ಸಿಕ್ಕರೆ ಅದನ್ನು 14 ಸೆಕೆಂಡಿಗೆ ಇಡಬೇಕು. ರಿಂಗಿಗೆ ತಾಗದಿದ್ದರೆ ಗಡಿಯಾರ ಓಡುತ್ತಲೇ ಇರಬೇಕು. ಟೇಬಲ್ಲಿನಲ್ಲಿ ಕೂತ ಹುಡುಗರು ಶಾಟ್ ಹೋದ ತಕ್ಷಣ ಬಟನ್ ಒತ್ತಿಬಿಡ್ತಾರೆ. ಪಂದ್ಯಕ್ಕೆ ಮೊದಲೇ ಅವರಿಗೆ ಹೇಳಿಡಿ.

ಪ್ರಶ್ನೆ ಕೇಳಿದವರು

ಸರ್, ತುಂಬಾ ಥ್ಯಾಂಕ್ಸ್. ಆ ತಂಡದ ಕೋಚ್‌ಗೆ ಇವತ್ತು ಬೆಳಗ್ಗೆ ಫೋನ್ ಮಾಡಿ ನನ್ನ ವಿಸಿಲ್ ತಪ್ಪಾಗಿತ್ತು ಅಂತ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಹುಡುಗನಿಗೆ ಹೇಳ್ತೀನಿ, ಖುಷಿ ಪಡ್ತಾನೆ" ಅಂದರು. ಶಾಟ್ ಕ್ಲಾಕ್ ನಾನು ನೋಡಲೇ ಇಲ್ಲ.

ಇನ್ನೆರಡು ಅನುಮಾನ ಉಳಿದಿವೆ. ಡ್ರಿಬಲ್ ಮುಗಿಸಿ ಚೆಂಡನ್ನು ಎರಡು ಕೈಯಲ್ಲಿ ಹಿಡಿಯಲು ಹೋದಾಗ ಬೆವರಿಗೆ ಜಾರಿ ನೆಲಕ್ಕೆ ಬಿತ್ತು, ಒಂದು ಸಲ ಪುಟಿಯಿತು, ಅವನೇ ಹಿಡಿದ. ಇದು? ಮತ್ತೆ, ಶಾಟ್ ಹಾಕಲು ಮೇಲೆ ಹಾರಿದವನ ಚೆಂಡನ್ನು ಎದುರಿನವನು ಕೈಯಿಂದ ತಡೆದ, ಹಾರಿದವನು ಚೆಂಡು ಹಿಡಿದುಕೊಂಡೇ ಕೆಳಗೆ ಬಂದ. ಇದಕ್ಕೆ ಏನು ಊದಬೇಕು?

ಉತ್ತರ 3

ಜಾರಿದ್ದನ್ನು ನಾನು ಹೇಳ್ತೀನಿ. ಅದಕ್ಕೆ ಫಂಬಲ್ ಅಂತಾರೆ. ಬೇಕು ಅಂತ ಬಿಟ್ಟಿದ್ದಲ್ಲ, ಕೈತಪ್ಪಿ ಹೋಗಿದ್ದು. ಡ್ರಿಬಲ್ಲಿನ ಶುರುವಿನಲ್ಲಿ ಆಗಲಿ, ಕೊನೆಯಲ್ಲಿ ಆಗಲಿ, ಫಂಬಲ್ ಅನ್ನು ಡ್ರಿಬಲ್ ಅಂತ ಲೆಕ್ಕ ಹಿಡಿಯುವುದಿಲ್ಲ. ಎತ್ತಿಕೊಳ್ಳಲಿ ಬಿಡಿ. ಆದರೆ ಡ್ರಿಬಲ್ ಮುಗಿದ ಮೇಲೆ ಜಾರಿದ್ದಾದರೆ ಮತ್ತೆ ಡ್ರಿಬಲ್ ಇಲ್ಲ. ನಡುವೆ ಬೇರೆ ಆಟಗಾರನಿಗೆ ತಾಗಿದ್ದರೆ ಮಾತ್ರ ಮಾಡಬಹುದು.

ನಾನು ಕಾಲು ನೋಡುವುದಕ್ಕಿಂತ ಮೊದಲು ಕೈ ನೋಡ್ತೀನಿ. ಚೆಂಡು ಅಂಗೈಯಲ್ಲಿ ಒಂದು ಕ್ಷಣ ನಿಂತಿತಾ? ಎರಡೂ ಕೈ ಒಟ್ಟಿಗೆ ಮುಟ್ಟಿದವಾ? ಅಲ್ಲಿಗೆ ಡ್ರಿಬಲ್ ಮುಗಿಯಿತು. ಬೆರಳುಗಳು ಹರಡಿಕೊಂಡು ಚೆಂಡಿನ ಹಿಂದೆ ಓಡುತ್ತಿದ್ದರೆ ಅದು ಜಾರಿದ್ದು. ಬೆರಳು ಚೆಂಡನ್ನು ಕೆಳಕ್ಕೆ ಒತ್ತಿದರೆ ಅದು ಡ್ರಿಬಲ್. ಹತ್ತು ಅಡಿ ದೂರದಿಂದಲೂ ಇದು ಕಾಣುತ್ತೆ.

ಉತ್ತರ 1

ಉತ್ತರ 3ರಲ್ಲಿ ಬೆರಳಿನ ಬಗ್ಗೆ ಹೇಳಿದ್ದು ನೂರಕ್ಕೆ ನೂರು ನಿಜ. ಹೆಜ್ಜೆ ಎಣಿಸುವಾಗಲೂ ಅದೇ ಉಪಯೋಗಕ್ಕೆ ಬರುತ್ತೆ. 2017ರಲ್ಲಿ ಫಿಬಾ ನಿಯಮ ಬದಲಾದ ಮೇಲೆ, ಓಡುತ್ತಾ ಡ್ರಿಬಲ್ ಮುಗಿಸಿದವನಿಗೆ ಚೆಂಡು ಹಿಡಿತಕ್ಕೆ ಬಂದ ನಂತರ ನೆಲಕ್ಕೆ ಊರಿದ ಹೆಜ್ಜೆ ಒಂದನೆಯದು. ಹಿಡಿಯುವಾಗ ಆಗಲೇ ನೆಲದಲ್ಲಿದ್ದ ಕಾಲು ಲೆಕ್ಕಕ್ಕಿಲ್ಲ. ಎರಡೇ ಹೆಜ್ಜೆಗೆ ಅವಕಾಶ, ಇವನು ಮೂರು ಹೆಜ್ಜೆ ಇಟ್ಟ ಅಂತ ಹಳೇ ಆಟಗಾರರು ಗಲಾಟೆ ಮಾಡುವುದು ಇಲ್ಲೇ.

ಇನ್ನು ತಡೆದ ಶಾಟ್. ಇಲ್ಲಿ ಮೂರು ಬೇರೆ ಬೇರೆ ತೀರ್ಮಾನ ಬರಬಹುದು. ಇಬ್ಬರ ಕೈಯೂ ಚೆಂಡಿನ ಮೇಲೆ ಗಟ್ಟಿಯಾಗಿದ್ದು ಹಾಗೇ ಇಳಿದರೆ ಹೆಲ್ಡ್ ಬಾಲ್, ಯಾವ ತಂಡದ ಸರದಿ ಅಂತ ತೋರಿಸುವ ಟೇಬಲ್ಲಿನ ಬಾಣದ ಗುರುತು ನೋಡಿ ಚೆಂಡು ಕೊಡಿ. ತಡೆದ ಏಟಿಗೆ ಚೆಂಡು ಅವನ ಕೈ ಬಿಟ್ಟುಹೋಗಿ ಮತ್ತೆ ಅವನಿಗೇ ಸಿಕ್ಕರೆ ಆಟ ನಡೆಯಲಿ, ಡ್ರಿಬಲ್ ಕೂಡ ಹೊಸದಾಗಿ ಮಾಡಬಹುದು. ನೀವು ಹೇಳಿದ ಹಾಗೆ ಚೆಂಡು ಕೈ ಬಿಡದೆ, ಎದುರಿನವನು ಕೈ ತೆಗೆದ ಮೇಲೆ, ಹಾರಿದವನು ಅದನ್ನು ಹಿಡಿದುಕೊಂಡೇ ನೆಲಕ್ಕೆ ಬಂದರೆ ಟ್ರಾವೆಲಿಂಗ್. ಅದಕ್ಕೇ ಹೇಳೋದು, ಚೆಂಡಿಗೆ ಕೈ ತಾಗಿದ ಕೂಡಲೇ ಊದಬೇಡಿ. ಇಬ್ಬರ ಕಾಲೂ ನೆಲಕ್ಕೆ ತಾಗುವ ತನಕ ವಿಸಿಲ್ ಬಾಯಲ್ಲೇ ಇರಲಿ.