ಸಹಾಯ ಬೇಕು: ಸೆನ್ಸರ್ ಒಂದು ಹೇಳಿದರೆ ಉಪಗ್ರಹ ಇನ್ನೊಂದು ಹೇಳುತ್ತದೆ

ಗೆಳೆಯರೇ, ಕರಾವಳಿ ನೀರಿನ ಕ್ಲೋರೊಫಿಲ್ (ಪಾಚಿಯ ಹಸಿರು ಬಣ್ಣದ ವಸ್ತು) ಅಳೆಯಲು ಲಂಗರು ಹಾಕಿದ ತೇಲುಪೀಪಾಯಿಗೆ ಸೆನ್ಸರ್ ಕಟ್ಟಿದ್ದೇವೆ. ಅದರ ಅಂಕಿಗೂ ಸೆಂಟಿನೆಲ್-3 ಉಪಗ್ರಹದ ಅಂಕಿಗೂ ತಾಳಮೇಳವೇ ಇಲ್ಲ. ನದಿ ಸೇರುವ ಕಡೆ ಉಪಗ್ರಹದ ಲೆಕ್ಕ ಹೆಚ್ಚು. ಕೊಳೆತ ಎಲೆಗಳಿಂದ ಕರಗಿ ಬಂದ ಕಂದು ಬಣ್ಣವೂ ನೀಲಿ ಬೆಳಕನ್ನು ಹೀರುವುದರಿಂದ, ನೀಲಿ-ಹಸಿರು ಬೆಳಕಿನ ಅನುಪಾತದಿಂದ ಕ್ಲೋರೊಫಿಲ್ ಲೆಕ್ಕ ಹಾಕುವ ಉಪಗ್ರಹದ ಸೂತ್ರ ಅದನ್ನೂ ಪಾಚಿಯೆಂದೇ ಎಣಿಸುತ್ತದೆ. ಅದಿರಲಿ, ನನ್ನ ತಲೆನೋವು ಸೆನ್ಸರಿನದು. ಗಾಜಿನ ಮೇಲೆ ಲೋಳೆಪೊರೆ ಕಟ್ಟಿ ಅಂಕಿ ದಿನೇ ದಿನೇ ಏರುತ್ತದೆ, ಒರೆಸಿದೊಡನೆ ದೊಪ್ಪನೆ ಇಳಿಯುತ್ತದೆ. ಸಾಲದ್ದಕ್ಕೆ, ಬಿಸಿಲೇರಿದಂತೆ ಪಾಚಿಯ ಪ್ರತಿದೀಪ್ತಿಯೇ (ಬೆಳಕು ಬಿದ್ದಾಗ ಅದು ಹೊಮ್ಮಿಸುವ ಹೊಳಪು, ಸೆನ್ಸರ್ ಅಳೆಯುವುದು ಇದನ್ನೇ) ಕುಗ್ಗುತ್ತದೆ. ಉಪಗ್ರಹ ಹಾದುಹೋಗುವುದು ಬೆಳಿಗ್ಗೆ 10ರ ಸುಮಾರಿಗೆ. ಹೋಲಿಕೆಗೆ ರಾತ್ರಿಯ ಅಂಕಿ ಬಳಸಬಹುದೇ? ತಾಮ್ರದ ಕವಚ, ಒರೆಸುವ ಬ್ರಷ್, ಯಾವುದು ಬಾಳಿಕೆ ಬರುತ್ತದೆ? ಉಪಗ್ರಹ ಚಿತ್ರದ ಒಂದು ಚುಕ್ಕಿ ಆವರಿಸುವ 300 ಮೀಟರ್ ಚೌಕದೊಳಗೆ ದಡವೂ ಸೇರಿಕೊಂಡರೆ ಏನು ಮಾಡುತ್ತೀರಿ? ಕೈಯಾರೆ ಮಾಡಿದವರು ತಿಳಿಸಿ. ಕೈಪಿಡಿ ಓದಿ ಎನ್ನಬೇಡಿ, ಓದಿಯಾಗಿದೆ.