ದೋಣಿ ಹೊತ್ತು ನಡೆಯುವ ದಾರಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಾಗಿದೆ.

ಅಕ್ಕನ ಮಗ ಕೆನಡಾದಲ್ಲಿದ್ದಾನೆ. ಬರುವ ಮೇ ತಿಂಗಳಲ್ಲಿ ಗೆಳೆಯರ ಜೊತೆ ಒಂಟಾರಿಯೊದ ಅಲ್ಗಾಂಕ್ವಿನ್ ಕಾಡಿನ ಕೆರೆಗಳಿಗೆ ಟ್ರೌಟ್ ಹಿಡಿಯಲು ಹೋಗುತ್ತಾನಂತೆ, ಕೆನೂವಿನಲ್ಲಿ. ಐದು ದಿನದ ಲೆಕ್ಕಾಚಾರ ಬರೆದು ಕಳಿಸಿದ್ದ. ಅದನ್ನು ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳಲು ಕೂತೆ.

ಕೆನೂ ಕಷ್ಟವಾಗಲಿಲ್ಲ. ಚಂದ್ರಗಿರಿ ಹೊಳೆಯ ಬದಿಯವರು ನಾವು. ಸಣ್ಣ ದೋಣಿ ಅಂದರೆ ಸಾಕು, ತುಳುವಿನಲ್ಲಾದರೆ ಓಡ. ಅದರ ಪ್ಯಾಡಲ್ಲಿಗೆ ಹುಟ್ಟು ಇದ್ದೇ ಇದೆ. ಟ್ರೌಟ್ ಟ್ರೌಟೇ ಇರಲಿ. ಬ್ರಿಟಿಷರು ನೀಲಗಿರಿಗೆ ತಂದು ಬಿಟ್ಟಾಗಲೂ ಆ ಮೀನು ಹೆಸರು ಸಮೇತವೇ ಬಂತು. ಮೇ ತಿಂಗಳೇ ಯಾಕೆ ಎಂದು ಅಮ್ಮ ಕೇಳಿದರು. ತಣ್ಣೀರಿನ ಮೀನು ಅದು. ಮಂಜುಗಡ್ಡೆ ಕರಗಿದ ಹೊಸತರಲ್ಲಿ ಮೇಲಿನ ನೀರಲ್ಲೇ ಸಿಗುತ್ತದೆ, ಬಿಸಿಲು ಬಲಿತರೆ ಆಳಕ್ಕೆ ಇಳಿದುಬಿಡುತ್ತದೆ.

ನಾನು ಸಿಕ್ಕಿಬಿದ್ದದ್ದು 'ಪೋರ್ಟೇಜ್' ಎಂಬಲ್ಲಿ. ಒಂದು ಕೆರೆಯಿಂದ ಇನ್ನೊಂದಕ್ಕೆ ನೀರಿನ ದಾರಿ ಇಲ್ಲದಿದ್ದರೆ ದೋಣಿಯನ್ನು ಕವುಚಿ, ಹೆಗಲಿಗೇರಿಸಿ, ಕಾಡಿನ ಕಾಲುದಾರಿಯಲ್ಲಿ ನಡೆಯುವುದು. ಆ ನಡಿಗೆಗೂ ಆ ದಾರಿಗೂ ಅದೇ ಹೆಸರು. ಹೊರುವುದು ಎಂಬ ಅರ್ಥದ ಫ್ರೆಂಚ್ ಮಾತಿನಿಂದ ಬಂದದ್ದು. ಹುಡುಗನ ಕಾಗದದಲ್ಲಿ ಮೀನಿಗಿಂತ ಇದೇ ಜಾಸ್ತಿ. ಮೊದಲ ದಿನ 300 ಮೀಟರ್, ಆಮೇಲೆ 1,400 ಮೀಟರ್, ಹೀಗೆ. ಹೆಚ್ಚು ಹೊತ್ತಷ್ಟೂ ದೂರದ ಕೆರೆ, ಅಲ್ಲಿ ಗಾಳ ಹಾಕುವವರೂ ಕಡಿಮೆ.

"ದೋಣಿ ಹೊರುವುದಾ? ತಲೆಯಲ್ಲಾ? ಸಿಂಬೆ ಉಂಟಾ?" ಅಂದರು ಅಮ್ಮ. ಫೋಟೋ ತೋರಿಸಿದೆ. ದೋಣಿಯ ನಡುವೆ ಒಂದು ಅಡ್ಡಮರ, ಕುತ್ತಿಗೆ ಕೂರುವಂತೆ ಬಾಗಿಸಿ ಕೆತ್ತಿದ್ದು. "ಇದು ನೊಗ ಅಲ್ವಾ!" ನಿಜ, ಇಂಗ್ಲಿಷಿನಲ್ಲೂ ಅದಕ್ಕೆ 'ಯೋಕ್' ಎಂದೇ ಹೆಸರು. ಉದ್ದದ ದಾರಿಗಳಲ್ಲಿ ಕೆಲವು ಕಡೆ ಎತ್ತರದಲ್ಲಿ ಅಡ್ಡಪಟ್ಟಿ ಕಟ್ಟಿರುತ್ತಾರೆ. ದೋಣಿಯ ಮೂತಿಯನ್ನು ಅದಕ್ಕೆ ಒರಗಿಸಿ, ಕೆಳಗಿನಿಂದ ನುಸುಳಿ ಬಂದು ದಣಿವಾರಿಸಿಕೊಳ್ಳಬಹುದು. ಅದನ್ನು ಓದಿ ಮುಗಿಸುವ ಮೊದಲೇ ಅಮ್ಮ "ಅತ್ತಾಣಿ" ಅಂದರು. ಎರಡು ಕಲ್ಲು ನಿಲ್ಲಿಸಿ ಮೇಲೊಂದು ಅಡ್ಡ ಹಾಸಿದ್ದು. ತಲೆಹೊರೆಯವರು ಯಾರ ಕೈಯ ಸಹಾಯವೂ ಬೇಡದೆ ಹೊರೆ ಜಾರಿಸಿ ನಿಲ್ಲುತ್ತಿದ್ದ ಜಾಗ. ಮಲಯಾಳದ ಪದ, ನಮ್ಮ ಕಡೆ ಎಲ್ಲರಿಗೂ ಗೊತ್ತು.

ಆದರೆ ದಾರಿಗೆ? ಮೊದಲು ಹೊಳೆದದ್ದು 'ಹೊರೆದಾರಿ'. ನೋಡಲು ಚೆಂದ, ವಾಕ್ಯದಲ್ಲಿ ಒಗ್ಗುವುದಿಲ್ಲ. 'ಎರಡು ಹೊರೆ ನಡೆದೆವು' ಅಂದರೆ ಇನ್ನೂ ಗೊಂದಲ, ಯಾಕೆಂದರೆ ಸಾಮಾನು ಜಾಸ್ತಿಯಿದ್ದರೆ ಒಂದೇ ದಾರಿಯಲ್ಲಿ ಎರಡು ಸಲ ಹೊರಬೇಕಾಗುತ್ತದೆ.

ಆಮೇಲೆ 'ಕಡವು' ನೆನಪಾಯಿತು. ದೋಣಿ ಹತ್ತಿ ಹೊಳೆ ದಾಟುವ ಜಾಗ. ಕಡವಿನಲ್ಲಿ ನಾವು ನೀರು ದಾಟುತ್ತೇವೆ, ಅಲ್ಲಿ ಅವರು ದೋಣಿ ಸಮೇತ ನೆಲ ದಾಟುತ್ತಾರೆ. ಹಾಗಾದರೆ 'ನೆಲಗಡವು'? 'ಇವತ್ತು ಎರಡು ನೆಲಗಡವು ದಾಟಿದೆವು.' ನನ್ನ ಕಿವಿಗೆ ಇದು ಸರಿಯಾಗಿ ಕೂರುತ್ತದೆ.

ಕಡವು ಎಂಬ ಪದ ಘಟ್ಟದ ಮೇಲಿನವರಿಗೆ ತಟ್ಟನೆ ತಿಳಿಯುತ್ತದಾ? ಇನ್ನೊಂದು ಪ್ರಶ್ನೆ ಕರಾವಳಿಯವರಿಗೆ. ಅಳಿವೆಯಲ್ಲಿ ಮರಳು ಕಟ್ಟಿದಾಗ ದೋಣಿಯನ್ನು ಎತ್ತಿ ಆಚೆ ನೀರಿಗೆ ಇಳಿಸುವುದಕ್ಕೆ ನಿಮ್ಮ ಮೀನುಗಾರರು ಏನನ್ನುತ್ತಾರೆ? ಬಳಕೆಯ ಮಾತು ಮೊದಲೇ ಇದ್ದರೆ ನನಗೆ ಅದೇ ಬೇಕು.