ಇಳಿವಯಸ್ಸಿನ ನೆನಪಿನ ಮೇಲೆ ಸಂಶೋಧನೆ: ನ್ಯೂರೋಸೈಕಾಲಜಿಯ ದಾರಿ ಹೇಗಿದೆ?

ಪ್ರಶ್ನೆ: ಸಪ್ತಾಪುರದ ವಿದ್ಯಾರ್ಥಿನಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಮನಃಶಾಸ್ತ್ರದ ಎಂ.ಎ. ಕೊನೆಯ ವರ್ಷದಲ್ಲಿದ್ದೇನೆ. ವಯಸ್ಸಾದಂತೆ ನೆನಪು, ಗಮನ, ಲೆಕ್ಕಾಚಾರ ಹೇಗೆ ಬದಲಾಗುತ್ತವೆ ಎಂಬುದರ ಮೇಲೆ ಸಂಶೋಧನೆ ಮಾಡುವ ಆಸೆಯಿದೆ. ಮಿದುಳಿನ ವಿಷಯವೆಂದರೆ ಡಾಕ್ಟರರೇ ಆಗಬೇಕು, ದೊಡ್ಡ ಯಂತ್ರಗಳಿರುವ ಊರಿಗೇ ಹೋಗಬೇಕು ಎಂದು ಮನೆಯಲ್ಲಿ ಹೇಳುತ್ತಾರೆ. ಗದಗ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಅರವತ್ತು ದಾಟಿದವರಲ್ಲಿ ಬಹಳಷ್ಟು ಜನ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅಂಥವರ ನಡುವೆ ನ್ಯೂರೋಸೈಕಾಲಜಿಸ್ಟ್ ಮಾಡುವ ಕೆಲಸ ನಿಜವಾಗಿ ಯಾವುದು? ಅದಕ್ಕೆ ಹೇಗೆ ಸಿದ್ಧಳಾಗಬೇಕು?

ಉತ್ತರ: ಕ್ಲಿನಿಕಲ್ ಸೈಕಾಲಜಿಸ್ಟ್, ವಿದ್ಯಾನಗರ, ಹುಬ್ಬಳ್ಳಿ

ಎಂ.ಬಿ.ಬಿ.ಎಸ್. ಬೇಕಿಲ್ಲ. ನ್ಯೂರೋಸೈಕಾಲಜಿ ಮನಃಶಾಸ್ತ್ರದ್ದೇ ಒಂದು ಕವಲು. ಮಿದುಳಿನ ಯಾವ ಭಾಗಕ್ಕೆ ಪೆಟ್ಟಾದರೆ ಮನುಷ್ಯನ ಯಾವ ಸಾಮರ್ಥ್ಯ ಕುಂದುತ್ತದೆ, ಯಾವುದು ಹಾಗೇ ಉಳಿಯುತ್ತದೆ ಎಂದು ಪರೀಕ್ಷೆಗಳ ಮೂಲಕ ಅಳೆಯುವುದು ಅದರ ಕೆಲಸ.

ಯಂತ್ರದ ಮಾತಿಗೆ ಮನಃಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಅವರನ್ನು ನೆನೆಯಬಹುದು. ಅಮೆರಿಕದ ಹೆನ್ರಿ ಮೊಲೈಸನ್ ಎಂಬ ಯುವಕನಿಗೆ 1953ರಲ್ಲಿ ಮೂರ್ಛೆರೋಗ ನಿಲ್ಲಿಸಲೆಂದು ಶಸ್ತ್ರಚಿಕಿತ್ಸೆ ಮಾಡಿ, ಮಿದುಳಿನ ಎರಡೂ ಬದಿಯಲ್ಲಿ, ಹೊಸ ನೆನಪು ಕಟ್ಟುವ ಹಿಪ್ಪೊಕ್ಯಾಂಪಸ್ ಎಂಬ ಭಾಗದ ಬಹುಪಾಲನ್ನು ತೆಗೆದರು. ಮೂರ್ಛೆ ಕಡಿಮೆಯಾಯಿತು, ಆದರೆ ಹೊಸ ಸಂಗತಿ ಯಾವುದೂ ಅವನ ನೆನಪಿನಲ್ಲಿ ನಿಲ್ಲದಾಯಿತು. ಮಿಲ್ನರ್ ಅವನೆದುರು ಕನ್ನಡಿಯಿಟ್ಟು, ಕನ್ನಡಿಯಲ್ಲಷ್ಟೇ ಕಾಣುವ ನಕ್ಷತ್ರದ ಎರಡು ಗೆರೆಗಳ ನಡುವೆ ಪೆನ್ಸಿಲ್ ಎಳೆಯಲು ಹೇಳಿದರು. ದಿನದಿಂದ ದಿನಕ್ಕೆ ಅವನ ಕೈ ಪಳಗಿತು, ಹಿಂದೆ ಇದನ್ನು ಮಾಡಿದ ನೆನಪು ಮಾತ್ರ ಅವನಿಗೆ ಇರಲಿಲ್ಲ. ಕೈಯ ಕಲಿಕೆ ಮತ್ತು ಘಟನೆಗಳ ನೆನಪು ಬೇರೆ ಬೇರೆ ವ್ಯವಸ್ಥೆಗಳೆಂದು ತೋರಿಸಲು ಅಷ್ಟೇ ಸಾಕಾಯಿತು.

ಓದಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ರೋಗಿಗಳನ್ನು ನೋಡುವ ಕೆಲಸಕ್ಕೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆಯಿರುವ ಕ್ಲಿನಿಕಲ್ ಸೈಕಾಲಜಿ ತರಬೇತಿ ಮತ್ತು ನೋಂದಣಿ ಬೇಕು. ಬರೀ ಸಂಶೋಧನೆ ಸಾಕೆಂದರೆ ಎಂ.ಎ. ನಂತರ ನೇರವಾಗಿ ಪಿಎಚ್.ಡಿ.ಗೆ ಹೋಗಬಹುದು. ನನ್ನ ಅಭಿಪ್ರಾಯದಲ್ಲಿ ಮೊದಲನೆಯದೇ ಒಳ್ಳೆಯದು, ಏಕೆಂದರೆ ಕಾಯಿಲೆಯಿಂದ ಮರೆಯುವವರನ್ನು ಹತ್ತಿರದಿಂದ ನೋಡದವರಿಗೆ ವಯೋಸಹಜ ಮರೆವಿನ ಗಡಿ ಎಲ್ಲಿದೆ ಎಂಬುದು ಪುಸ್ತಕದಿಂದ ತಿಳಿಯುವುದಿಲ್ಲ. ಅಂಕಿಸಂಖ್ಯಾಶಾಸ್ತ್ರವನ್ನಂತೂ ಈಗಿನಿಂದಲೇ ಗಟ್ಟಿ ಮಾಡಿಕೊಳ್ಳಿ.

ನೀವು ಆಯ್ದುಕೊಂಡ ವಿಷಯದ ನಿಜವಾದ ತೊಡಕು ಬೇರೆಯೇ ಇದೆ. ಇಪ್ಪತ್ತೈದರ ಪದವೀಧರ ಮೊಮ್ಮಗನನ್ನೂ ಎಪ್ಪತ್ತೈದರ ಅಜ್ಜಿಯನ್ನೂ ಒಂದೇ ಪರೀಕ್ಷೆಗೆ ಕೂರಿಸಿ, ಅಂಕಗಳ ಅಂತರವನ್ನು ವಯಸ್ಸಿನ ಪರಿಣಾಮವೆಂದು ಬರೆದುಬಿಟ್ಟರೆ, ಅದರಲ್ಲಿ ಶಾಲೆ ಎಷ್ಟು, ಬಾಲ್ಯದ ಆಹಾರ ಎಷ್ಟು, ವಯಸ್ಸು ಎಷ್ಟು ಎಂದು ಬಿಡಿಸಿ ಹೇಳಲು ಯಾರಿಂದಲೂ ಆಗದು. ವಾರ್ನರ್ ಶಾಯಿ ಎಂಬ ಮನಃಶಾಸ್ತ್ರಜ್ಞ 1956ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಶುರುಮಾಡಿದ ಅಧ್ಯಯನ ಈ ಗಂಟನ್ನೇ ಬಿಡಿಸಲು ಹೊರಟಿತು. ಏಳೇಳು ವರ್ಷಕ್ಕೊಮ್ಮೆ ಅದೇ ಜನರನ್ನು ಮತ್ತೆ ಪರೀಕ್ಷಿಸಿ, ಪ್ರತಿ ಸಲವೂ ಹೊಸಬರನ್ನು ಸೇರಿಸಿಕೊಳ್ಳುತ್ತ ಹೋದಾಗ, ಬೇರೆ ಬೇರೆ ವಯಸ್ಸಿನವರನ್ನು ಒಂದೇ ಸಲ ಹೋಲಿಸಿ ಕಂಡಿದ್ದ ಕುಸಿತದಲ್ಲಿ ಒಂದು ಪಾಲು ತಲೆಮಾರುಗಳ ನಡುವಿನ ವ್ಯತ್ಯಾಸವೆಂದು ಗೊತ್ತಾಯಿತು. ಮನಸ್ಸು ಕೆಲಸ ಮಾಡುವ ವೇಗ ಬೇಗ ತಗ್ಗುತ್ತದೆ, ಪದಸಂಪತ್ತು ಇಳಿವಯಸ್ಸಿನವರೆಗೂ ಬಹುಮಟ್ಟಿಗೆ ನಿಲ್ಲುತ್ತದೆ. ಹೀಗೆ ವರ್ಷಗಟ್ಟಲೆ ಅದೇ ಜನರ ಬೆನ್ನು ಹತ್ತಬೇಕಾದ ಕೆಲಸವಿದು. ಎರಡು ವರ್ಷದಲ್ಲಿ ಪ್ರಬಂಧ ಮುಗಿಸುವ ಆತುರವಿದ್ದವರು ಬೇರೆ ವಿಷಯ ಹಿಡಿಯುವುದೇ ಲೇಸು.

ಉತ್ತರ: ಹಳ್ಳಿಗಳಲ್ಲಿ ಮಾಹಿತಿ ಸಂಗ್ರಹಿಸಿದವ, ಗದಗ

ಮೇಲಿನ ಮಾತಿಗೆ ನನ್ನ ಅನುಭವವನ್ನು ಸೇರಿಸುತ್ತೇನೆ. ನೆನಪು, ಗಮನ ಮುಂತಾದವನ್ನು ಅಳೆಯುವ ಎಂ.ಎಂ.ಎಸ್.ಇ. ಎಂಬ 1975ರ ಪ್ರಸಿದ್ಧ ಕಿರುಪರೀಕ್ಷೆ ಓದುಬರಹ ಬಲ್ಲವರಿಗಾಗಿ ರಚನೆಯಾದದ್ದು: ತಾರೀಖು ಹೇಳಬೇಕು, ನೂರರಿಂದ ಏಳೇಳು ಕಳೆಯುತ್ತ ಹೋಗಬೇಕು, ಒಂದು ವಾಕ್ಯ ಬರೆಯಬೇಕು. ಒಬ್ಬ ಅಜ್ಜಿಯನ್ನು ತಾರೀಖು ಕೇಳಿದಾಗ, ಕಾರ ಹುಣ್ಣಿಮೆ ಮುಗಿದು ಎಷ್ಟು ದಿನವಾಯಿತು, ಮುಂದಿನ ಅಮಾವಾಸ್ಯೆ ಯಾವ ವಾರ ಬರುತ್ತದೆ ಎಂದು ತಡವರಿಸದೆ ಹೇಳಿದರು. ಪಂಚಾಂಗ ತೆಗೆದು ನೋಡಿದರೆ ಎರಡೂ ಸರಿ, ಆದರೆ ಉತ್ತರಪತ್ರಿಕೆಯ ಪ್ರಕಾರ ಅಂಕ ಸೊನ್ನೆ. ಚಿತ್ರ ನಕಲು ಮಾಡಲು ಕೊಟ್ಟಾಗ ಅವರು ಪೆನ್ಸಿಲನ್ನು ರಂಗೋಲಿ ಹುಡಿ ಹಿಡಿಯುವ ಹಾಗೆ ಬೆರಳ ತುದಿಯಲ್ಲಿ ಹಿಡಿದರು. ಗೆರೆ ನಡುಗಿದ್ದಕ್ಕೆ ಮಿದುಳು ಕಾರಣವೋ, ಪೆನ್ಸಿಲ್ ಹಿಡಿದು ಅಭ್ಯಾಸವಿಲ್ಲದ ಕೈ ಕಾರಣವೋ?

ಈ ಕಾರಣಕ್ಕೇ ಹರಿಯಾಣದ ಬಲ್ಲಭಗಢದ ಹಳ್ಳಿಗರಿಗಾಗಿ ಆ ಪರೀಕ್ಷೆಯನ್ನು ತಿದ್ದಿ ಸಿದ್ಧಪಡಿಸಿದ ಹಿಂದಿ ರೂಪ 1995ರಲ್ಲಿ ಪ್ರಕಟವಾಯಿತು. ಅದರಲ್ಲಿ ಈಗ ಬೆಳಿಗ್ಗೆಯೋ ಸಂಜೆಯೋ ಎಂದು ಕೇಳುತ್ತಾರೆ, ವಾರದ ಹೆಸರುಗಳನ್ನು ಹಿಂದಿನಿಂದ ಹೇಳಿಸುತ್ತಾರೆ, ವಾಕ್ಯ ಬರೆಸುವ ಬದಲು ಮನೆಯ ಬಗ್ಗೆ ಒಂದು ಮಾತು ಹೇಳಿಸುತ್ತಾರೆ. ನಮ್ಮ ಭಾಷೆಗೂ ಕೆಲಸ ನಡೆದಿದೆ: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ರೂಪಿಸಿದ ಪರೀಕ್ಷಾ ಸರಣಿಯ ಐದು ಭಾಷೆಗಳಲ್ಲಿ ಕನ್ನಡವೂ ಒಂದು.

ಅಂಕವೊಂದನ್ನೇ ನಂಬದಿರುವುದು ಎರಡನೆಯ ಪಾಠ. ಲಾಸಿ ಎಂಬ ರಾಷ್ಟ್ರೀಯ ವೃದ್ಧಾಪ್ಯ ಅಧ್ಯಯನದ ಡಿಮೆನ್ಷಿಯಾ (ಮರೆವಿನ ಕಾಯಿಲೆ) ವಿಭಾಗದಲ್ಲಿ ಅರವತ್ತು ದಾಟಿದ 4,096 ಜನರಿಗೆ ಪರೀಕ್ಷೆ ಮಾಡಿದ್ದಲ್ಲದೆ, ಹತ್ತಿರದವರನ್ನೂ ಪ್ರತ್ಯೇಕವಾಗಿ ಮಾತಾಡಿಸಿದರು. ಆ ಮಾಹಿತಿಯಿಂದ ಅಂದಾಜಾದ ಡಿಮೆನ್ಷಿಯಾ ಪ್ರಮಾಣ ಶೇಕಡಾ 7.4, ಅಂದರೆ ದೇಶದಲ್ಲಿ ಸುಮಾರು 88 ಲಕ್ಷ ಜನ. ಮನೆಯ ಸೊಸೆಯನ್ನು ಕೇಳಿ ನೋಡಿ: ಸಂತೆಯ ಲೆಕ್ಕ ತಪ್ಪುತ್ತಿದೆಯೇ, ಒಲೆ ಆರಿಸಲು ಮರೆಯುತ್ತಾರೆಯೇ, ಹೋದ ವರ್ಷಕ್ಕಿಂತ ಈ ವರ್ಷ ಹೆಚ್ಚಾಗಿದೆಯೇ. ಕಾಗದದ ಮೇಲಿನ ಪರೀಕ್ಷೆ ಹೇಳದ್ದು ಅಲ್ಲಿ ಸಿಗುತ್ತದೆ. ಇದೆಲ್ಲಕ್ಕೂ ಮೊದಲು ಕಿವಿ ಕೇಳಿಸುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ಓದಿ ಹೇಳಿದ ಪದ ಕಿವಿಗೇ ಬೀಳದಿದ್ದರೆ ಅದನ್ನು ನೆನಪಿಡುವ ಪ್ರಶ್ನೆಯೇ ಬರುವುದಿಲ್ಲ.

ಉತ್ತರ: ನಿವೃತ್ತ ಮಾಸ್ತರ, ಹಾವೇರಿ

ತಂಗೀ, ನಾನು ಈ ಶಾಸ್ತ್ರದವನಲ್ಲ, ಆದರೂ ಒಂದು ಸಂಶಯ ಕೇಳುತ್ತೇನೆ. ಹೆಚ್ಚು ಭಾಷೆ ಆಡುವವರಿಗೆ ಮರೆವಿನ ಕಾಯಿಲೆ ತಡವಾಗಿ ಬರುತ್ತದೆ ಎಂದು ಪತ್ರಿಕೆಯಲ್ಲಿ ಓದಿದ್ದೆ. ನಮ್ಮ ಕಡೆ ಕನ್ನಡದ ಜೊತೆ ಉರ್ದುವನ್ನೋ ಮರಾಠಿಯನ್ನೋ ಸಲೀಸಾಗಿ ಆಡುವವರು ಓಣಿಗೆ ಹತ್ತು ಜನ ಸಿಗುತ್ತಾರೆ. ಹಾಗಾದರೆ ನಾವೆಲ್ಲ ಬಚಾವೇ?

ಉತ್ತರ: ಕ್ಲಿನಿಕಲ್ ಸೈಕಾಲಜಿಸ್ಟ್, ವಿದ್ಯಾನಗರ, ಹುಬ್ಬಳ್ಳಿ

ಮಾಸ್ತರರೇ, ನೀವು ಓದಿದ್ದು ಬಹುಶಃ ಸುವರ್ಣ ಅಲ್ಲಾಡಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಹೈದರಾಬಾದಿನ ಅಧ್ಯಯನದ ಬಗ್ಗೆ. ಡಿಮೆನ್ಷಿಯಾ ಇದ್ದ 648 ಜನರಲ್ಲಿ, ಎರಡು ಅಥವಾ ಹೆಚ್ಚು ಭಾಷೆ ಆಡುವವರಿಗೆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಗೆ ಹೋಗದವರಲ್ಲೂ ಈ ಅಂತರ ಕಂಡದ್ದರಿಂದ, ಇದು ಬರೀ ಓದಿನ ಫಲವಲ್ಲ ಎಂದು ವಾದಿಸಲು ಸಾಧ್ಯವಾಯಿತು. ಅದೇ ಆ ಅಧ್ಯಯನದ ತೂಕ. ಆದರೆ ಅವರೆಲ್ಲ ದವಾಖಾನೆಗೆ ಬಂದ ರೋಗಿಗಳು. ಬೇರೆ ದೇಶಗಳಲ್ಲಿ ಊರಿನ ಜನರನ್ನೇ ವರ್ಷಗಟ್ಟಲೆ ಹಿಂಬಾಲಿಸಿದ ಕೆಲವು ಅಧ್ಯಯನಗಳಲ್ಲಿ ಇಂಥ ಲಾಭ ಕಂಡಿಲ್ಲ. ತಡವಾಗಿ ಬರುವುದೆಂದರೆ ಬರುವುದೇ ಇಲ್ಲವೆಂದೂ ಅಲ್ಲ. ಹಾಗಾಗಿ ಬಚಾವು ಎನ್ನಲಾರೆ. ರಕ್ತದೊತ್ತಡ, ಸಕ್ಕರೆ, ಕಿವಿ ಇವುಗಳ ಮೇಲೆ ನಿಗಾ ಇಡಿ ಎಂದಷ್ಟೇ ಹೇಳಬಲ್ಲೆ.

ವಿದ್ಯಾರ್ಥಿನಿಗೆ ಇಲ್ಲೇ ಒಂದು ಒಳ್ಳೆಯ ಪ್ರಶ್ನೆ ಇದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಬ್ರೇನ್ ರಿಸರ್ಚ್ ಸಂಸ್ಥೆಯವರು 45 ದಾಟಿದ ಹತ್ತು ಸಾವಿರ ಜನರನ್ನು ಗುರಿಯಾಗಿಟ್ಟು ದೀರ್ಘಾವಧಿ ಅಧ್ಯಯನ ನಡೆಸುತ್ತಿದ್ದಾರೆ. ಅದರ ವಿಧಾನವನ್ನು ಓದಿಕೊಂಡು, ಗದಗ ಕಡೆಯ ಅನಕ್ಷರಸ್ಥ ಹಿರಿಯರಿಗೆ ಯಾವ ಪರೀಕ್ಷೆಯ ಯಾವ ಭಾಗ ಒಗ್ಗುತ್ತದೆ ಎಂದು ಸಣ್ಣ ಪ್ರಮಾಣದಲ್ಲಿ ನೋಡಿದರೂ ಅದು ಎಂ.ಎ. ಪ್ರಬಂಧಕ್ಕೆ ಸಾಕು.

ಪ್ರಶ್ನೆ ಕೇಳಿದವಳು

ಎಲ್ಲರಿಗೂ ಧನ್ಯವಾದಗಳು. ಆ ಸಣ್ಣ ಕೆಲಸದಿಂದಲೇ ಆರಂಭಿಸುತ್ತೇನೆ. ಸಹಿ ಮಾಡಲು ಬಾರದ ಹಿರಿಯರಿಂದ ಒಪ್ಪಿಗೆ ಪಡೆಯುವುದು ಹೇಗೆ? ಮಗನ ಸಹಿ ಸಾಕೇ?

ಉತ್ತರ: ಹಳ್ಳಿಗಳಲ್ಲಿ ಮಾಹಿತಿ ಸಂಗ್ರಹಿಸಿದವ, ಗದಗ

ಸಾಲದು. ಒಪ್ಪಿಗೆ ಆ ಹಿರಿಯರದ್ದೇ ಆಗಿರಬೇಕು. ಒಪ್ಪಿಗೆ ಪತ್ರವನ್ನು ಅವರಿಗೆ ಪೂರ್ತಿ ಓದಿ ಹೇಳಿ ಹೆಬ್ಬೆಟ್ಟು ಪಡೆಯಿರಿ. ಆಗ ನಿಮ್ಮ ತಂಡಕ್ಕೆ ಸೇರದ, ಓದುಬರಹ ಬಲ್ಲ ಸಾಕ್ಷಿಯೊಬ್ಬರು ಎದುರಿಗಿದ್ದು ಸಹಿ ಮಾಡಬೇಕು. ಕಾಯಿಲೆ ಬಲಿತು, ಹೇಳಿದ್ದು ಅರ್ಥವಾಗದ ಸ್ಥಿತಿಯಲ್ಲಿರುವವರ ವಿಷಯದಲ್ಲಿ ಮಾತ್ರ ಕಾನೂನುಬದ್ಧ ಪ್ರತಿನಿಧಿಯ ಒಪ್ಪಿಗೆ ನಡೆಯುತ್ತದೆ, ಅದಕ್ಕೂ ಸಂಶೋಧನೆಯ ನೀತಿನಿಯಮ ನೋಡುವ ನೈತಿಕ ಸಮಿತಿಯ ಅನುಮತಿ ಮೊದಲೇ ಇರಬೇಕು. ನಿಮ್ಮ ಮೊದಲ ಕೆಲಸಕ್ಕೆ ಅಂಥವರನ್ನು ಸೇರಿಸಿಕೊಳ್ಳಬೇಡಿ.